ವರ್ಚುವಲ್ ಯಂತ್ರಗಳಲ್ಲಿ ಹಾಟ್‌ಪ್ಲಗ್: ಪೂರ್ವಯೋಜನೆಯ ಅಗತ್ಯ

ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದ ಬಲದಿಂದ ನಿರ್ಮಿತವಾದ ಮತ್ತೊಂದು ಕಂಪ್ಯೂಟರಿಗೆ ವರ್ಚುವಲ್ ಯಂತ್ರವೆಂದು ಹೆಸರು. ಐಬಿಎಂ ಸಂಸ್ಥೆಯು 1972ರಲ್ಲಿಯೇ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿದ್ದುದರಿಂದ ಈ ಕಲ್ಪನೆ ಹೊಸದೇನೂ ಅಲ್ಲ. ಇಂತಹ ಯಂತ್ರವು ನಡೆಯುತ್ತಿರುವಾಗಲೇ ಅದಕ್ಕೆ ಡಿಸ್ಕನ್ನೋ ನೆಟ್‌ವರ್ಕ್ ಕಾರ್ಡನ್ನೋ ಸೇರಿಸುವ ಕ್ರಮಕ್ಕೆ ಹಾಟ್‌ಪ್ಲಗ್ ಎನ್ನುತ್ತಾರೆ. ಯಂತ್ರವೇ ತಂತ್ರಾಂಶದ ಸೃಷ್ಟಿಯಾಗಿರುವಾಗ ಸಾಧನಗಳನ್ನು ಬೇಕಾದಾಗ ಬೇಕಾದಷ್ಟು ಸೇರಿಸಬಾರದೇಕೆ ಎಂಬ ಪ್ರಶ್ನೆ ಸಹಜವಾದುದು. ಅದರ ಉತ್ತರವು ಯಂತ್ರಗಳ ಇತಿಹಾಸದಲ್ಲಿದೆ.

ವರ್ಚುವಲ್ ಯಂತ್ರವು ನೈಜ ಯಂತ್ರವೊಂದರ ಅನುಕರಣವಾದುದರಿಂದ ಅದರ ಮಿತಿಗಳನ್ನೂ ಅನುಸರಿಸುತ್ತದೆ. ಕ್ಯೂಎಮು ತಂತ್ರಾಂಶವು ಮುಖ್ಯವಾಗಿ ಇಂಟೆಲ್ ಸಂಸ್ಥೆಯ ಎರಡು ಮಾದರಿಗಳನ್ನು ಅವಲಂಬಿಸಿದೆ: 1996ರ 440ಎಫ್‌ಎಕ್ಸ್ ಮತ್ತು 2007ರ ಕ್ಯೂ35. ಮೊದಲನೆಯದರ ಪಿಸಿಐ ಬಸ್ಸು ಅನೇಕ ಸಾಧನಗಳಿಗೆ ಸಾಮಾನ್ಯವಾದ ಮಾರ್ಗ. ಅದರಲ್ಲಿರುವ 32 ಸ್ಥಾನಗಳ ಪೈಕಿ ಖಾಲಿಯಿರುವಲ್ಲಿ ಹೊಸ ಸಾಧನವನ್ನು ಸೇರಿಸಬಹುದು. ಎರಡನೆಯದರ ಪಿಸಿಐ ಎಕ್ಸ್‌ಪ್ರೆಸ್ ಪದ್ಧತಿಯಲ್ಲಾದರೋ ಮೂಲ ಬಸ್ಸಿಗೆ ನೇರವಾಗಿ ಹಾಟ್‌ಪ್ಲಗ್ ಮಾಡಲು ಬಾರದು. ರೂಟ್ ಪೋರ್ಟ್ ಎಂಬ ದ್ವಾರವೊಂದು ಬೇಕು. ಒಂದು ದ್ವಾರಕ್ಕೆ ಒಂದೇ ಸಾಧನ. ಆ ದ್ವಾರವನ್ನೇ ನಡೆಯುತ್ತಿರುವ ಯಂತ್ರಕ್ಕೆ ಸೇರಿಸುವುದು ಸಾಧ್ಯವಿಲ್ಲ.

ಶಾಸನಗಳ ಛಾಯಾಚಿತ್ರಗಳನ್ನು ಶೇಖರಿಸುವ ಯಂತ್ರವೊಂದನ್ನು ಊಹಿಸೋಣ. ವರ್ಷದೊಳಗೆ ಎರಡು ಡಿಸ್ಕುಗಳೂ ಒಂದು ನೆಟ್‌ವರ್ಕ್ ಕಾರ್ಡೂ ಬೇಕಾಗಬಹುದೆಂದು ತೋರಿದರೆ, ರಚನೆಯ ಕಾಲದಲ್ಲಿಯೇ ಮೂರು ರೂಟ್ ಪೋರ್ಟುಗಳನ್ನು ಖಾಲಿಯಾಗಿ ಇರಿಸತಕ್ಕದ್ದು. ಇಲ್ಲವಾದರೆ ಡಿಸ್ಕು ತುಂಬಿದ ದಿನ ಯಂತ್ರವನ್ನು ನಿಲ್ಲಿಸಬೇಕಾಗುವುದು. ಅದನ್ನು ಬಳಸುತ್ತಿದ್ದವರೆಲ್ಲರ ಕೆಲಸವೂ ನಿಲ್ಲುವುದು. ವರ್ಟಿಯೋ ಸ್ಕಸಿ ಎಂಬ ಒಂದೇ ನಿಯಂತ್ರಕವನ್ನು ಮೊದಲೇ ಅಳವಡಿಸಿದ್ದರೆ, ಅದರ ಮೂಲಕ ಅನೇಕ ಡಿಸ್ಕುಗಳನ್ನು ಹೊಸ ದ್ವಾರವಿಲ್ಲದೆಯೇ ಸೇರಿಸಬಹುದು.

ಮೆಮೊರಿಗೂ ಇದೇ ನಿಯಮ ಅನ್ವಯಿಸುತ್ತದೆ. 4 ಜಿಬಿಯಿಂದ ಆರಂಭಿಸಿ ಮುಂದೆ 16 ಜಿಬಿಗೆ ಏರಿಸುವ ಉದ್ದೇಶವಿದ್ದರೆ, ಗರಿಷ್ಠ ಪ್ರಮಾಣವನ್ನೂ ತಲಾ 4 ಜಿಬಿಯ ಮೂರು ಸ್ಥಾನಗಳನ್ನೂ ಮೊದಲೇ ಘೋಷಿಸಬೇಕು. ಪ್ರೊಸೆಸರುಗಳ ಗರಿಷ್ಠ ಸಂಖ್ಯೆಯೂ ಹಾಗೆಯೇ.

ಹಾಗೆಂದು ದ್ವಾರಗಳನ್ನು ಮಿತಿಯಿಲ್ಲದೆ ಇರಿಸುವುದೂ ಯುಕ್ತವಲ್ಲ. ಪ್ರತಿಯೊಂದು ದ್ವಾರವೂ ಒಂದು ಬಸ್ ಸಂಖ್ಯೆಯನ್ನು ಆಕ್ರಮಿಸುತ್ತದೆ. ಅಂತಹ ಸಂಖ್ಯೆಗಳು ಒಟ್ಟು 256 ಮಾತ್ರ. ಆದುದರಿಂದ ಇಂದಿನ ಸಾಧನಗಳನ್ನು ಎಣಿಸಿ, ಮುಂದೆ ಬರಬಹುದಾದವುಗಳನ್ನು ಅಂದಾಜು ಮಾಡಿ, ಅಷ್ಟಕ್ಕೆ ಮಾತ್ರ ಎಡೆಯಿಟ್ಟು ಯಂತ್ರವನ್ನು ರಚಿಸುವುದು ಉಚಿತವಾದ ಮಾರ್ಗ.