‘ನೀರು ಕುಡಿದ್ರಾ?’ ಅಂತ ಮಾತ್ರ ಕೇಳಬೇಡಿ

ಕಳೆದ ಬೇಸಿಗೆಯಲ್ಲಿ ಅಪ್ಪ ದಾವಣಗೆರೆಯಿಂದ ಕಾಂದಿವಲಿಯ ನಮ್ಮ ಮನೆಗೆ ಬಂದಿದ್ದರು. ‘ನಮ್ಮೂರಲ್ಲಿ ಬಿಸಿಲು ಜಾಸ್ತಿ, ಆದ್ರೆ ಬೆವರಿದ್ದು ಗೊತ್ತಾಗಲ್ಲ. ಇಲ್ಲಿ ಅಂಗಿ ಹಿಂಡಬಹುದು ನೋಡು’ ಎಂದು ನಗುತ್ತಿದ್ದರು. ನಿಜವೇ. ಊರಿನ ಒಣಗಾಳಿಯಲ್ಲಿ ಬೆವರು ಆರಿ ಮೈ ತಂಪಾಗುತ್ತದೆ. ಮುಂಬೈಯ ತೇವದ ಗಾಳಿಯಲ್ಲಿ ಅದು ಆರುವುದಿಲ್ಲ, ಸುಮ್ಮನೆ ಇಳಿದುಹೋಗುತ್ತದೆ. ಜೊತೆಗೆ ಉಪ್ಪೂ ಹೋಗುತ್ತದೆ.

ಲೋಕಲ್ ಹಿಡಿದು ಅಂಧೇರಿಯ ಆಫೀಸಿಗೆ ಹೋಗುವ ನಾನು ಮಧ್ಯಾಹ್ನ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ: ‘ನೀರು ಕುಡಿದ್ರಾ?’ ಮಗನ ಮಾತಿಗೆ ಬೆಲೆ ಕೊಟ್ಟು ಅವರು ದಿನಕ್ಕೆ ನಾಲ್ಕೈದು ಲೀಟರ್ ಕುಡಿದರು. ಬಿಪಿ ಇದೆಯೆಂದು ಊಟದಲ್ಲಿ ಉಪ್ಪು ಕಡಿಮೆ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಬೇರೆ. ಐದನೇ ದಿನ ತಲೆನೋವು, ವಾಕರಿಕೆ. ಆರನೇ ದಿನ ನನ್ನನ್ನು ಚಿಕ್ಕಪ್ಪನ ಹೆಸರು ಹಿಡಿದು ಕರೆದರು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ 118 ಇತ್ತು. ಇರಬೇಕಾದದ್ದು 135ರಿಂದ 145. ರಕ್ತದಲ್ಲಿ ಸೋಡಿಯಂ ಇಳಿದರೆ ನೀರು ಜೀವಕೋಶಗಳೊಳಗೆ ನುಗ್ಗುತ್ತದೆ, ಮಿದುಳು ಊದಿಕೊಳ್ಳುತ್ತದೆ ಎಂದು ವೈದ್ಯರು ವಿವರಿಸಿದರು. ಒಮ್ಮೆಲೇ ಏರಿಸಿದರೂ ಮಿದುಳಿಗೆ ಅಪಾಯವಂತೆ. ನಿಧಾನವಾಗಿ ಸರಿಪಡಿಸಲು ನಾಲ್ಕು ದಿನ ಬೇಕಾಯಿತು. ಎಂ.ಟೆಕ್ ಓದಿದ ನನಗೆ ಇಷ್ಟೂ ಗೊತ್ತಿರಲಿಲ್ಲ.

ನೀರಿಗೂ ಉಪ್ಪಿಗೂ ಇರುವ ನಂಟು ಲಕ್ಷಾಂತರ ಜೀವ ಉಳಿಸಿದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಮುಗಿಯತೊಡಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿದರು. ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ಕರುಳಿನಲ್ಲಿ ಗ್ಲೂಕೋಸ್ ಸೋಡಿಯಂ ಅನ್ನು ಒಳಗೆಳೆದುಕೊಳ್ಳುತ್ತದೆ, ಅದರ ಹಿಂದೆಯೇ ನೀರು ಹೋಗುತ್ತದೆ. ಇವತ್ತಿನ ಓಆರ್‌ಎಸ್ ಪೊಟ್ಟಣದ ಗುಟ್ಟು ಇದೇ. ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಅಂಗಡಿಯ ಸಿಹಿ ಪೇಯಗಳು ಇದಕ್ಕೆ ಸಾಟಿಯಲ್ಲ. ಅಂಥವುಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯುವುದನ್ನು 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ನಿಷೇಧಿಸಿತು.

ಹಾಗಂತ ನಾವೇ ಉಪ್ಪು ಸುರಿಯುವುದೂ ತಪ್ಪು. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಓಆರ್‌ಎಸ್ ಕೂಡ ವೈದ್ಯರನ್ನು ಕೇಳಿಯೇ ಕೊಡಬೇಕು. ಊರಿಂದ ಅಪ್ಪ ಅಮ್ಮ ಬರುವವರಿದ್ದರೆ, ರೈಲು ಹತ್ತುವ ಮೊದಲೇ ಅವರ ಮಾತ್ರೆಯ ಚೀಟಿ ತೋರಿಸಿ, ದಿನಕ್ಕೆ ಎಷ್ಟು ನೀರು, ಎಷ್ಟು ಉಪ್ಪು ಎಂದು ಕೇಳಿಕೊಳ್ಳಿ. ವಯಸ್ಸಾದವರು ಇದ್ದಕ್ಕಿದ್ದಂತೆ ತಡಬಡಾಯಿಸಿದರೆ ‘ಸುಸ್ತಾಗಿರಬೇಕು’ ಎಂದು ಮಲಗಿಸದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅಪ್ಪನ ಮಾತ್ರೆಯನ್ನು ವೈದ್ಯರು ಬದಲಿಸಿದ್ದಾರೆ. ಈಗ ದಾವಣಗೆರೆಗೆ ಫೋನ್ ಮಾಡಿದಾಗ ನಾನು ಮೊದಲು ಕೇಳುವುದು, ‘ಊಟ ಆಯ್ತಾ? ಮಜ್ಜಿಗೆ ಕುಡಿದ್ರಾ?’ ಅವರು ‘ಆಯ್ತು ಮಾರಾಯಾ’ ಎಂದು ನನ್ನ ಹೆಸರನ್ನೇ ಹಿಡಿದು ಕರೆದರೆ ಸಮಾಧಾನ.