ಚಳಿಗಾಲದ ಸವಾರಿಗೆ ಗೇರಿಲ್ಲದ ಸೈಕಲ್

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬೆಳಗಿನ ನಡಿಗೆಗೆ ಹೊರಡುವವರ ಸಂಖ್ಯೆ ಇಳಿಯುತ್ತದೆ. ಚಳಿಗೆ ಕಂಬಳಿ ಹಿತವೆನಿಸಿ ಮೈ ಜಡವಾಗುತ್ತದೆ. ದೇಹವನ್ನು ದೇಗುಲವೆಂದು ಭಾವಿಸುವ ಪರಂಪರೆಯವರಾದ ನಾವು ಈ ಜಡತೆಗೆ ಎಡೆಗೊಡಬಾರದು. ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ ಸೈಕಲ್ ತುಳಿದರೂ ಇದು ಸಾಧ್ಯ. ಮೈಭಾರವನ್ನು ಬಹುಮಟ್ಟಿಗೆ ಸೀಟು ಹೊರುವುದರಿಂದ ಕೀಲುಗಳಿಗೂ ಆಯಾಸ ಕಡಿಮೆ.

ಇನ್ನು ಯಾವ ಸೈಕಲ್ ಕೊಳ್ಳಬೇಕೆಂಬ ಪ್ರಶ್ನೆ. ಅಂಗಡಿಯಲ್ಲಿ 21 ಗೇರು, ಮುಂದೆ ಹಿಂದೆ ಶಾಕ್, ಡಿಸ್ಕ್ ಬ್ರೇಕ್ ಇರುವ ಅಗ್ಗದ ಸೈಕಲ್‌ಗಳು ಕಣ್ಸೆಳೆಯುತ್ತವೆ. ಆದರೆ ಅಷ್ಟೇ ಹಣದಲ್ಲಿ ಭಾಗಗಳು ಹೆಚ್ಚಿದಷ್ಟೂ ಒಂದೊಂದರ ಗುಣ ಕುಗ್ಗುತ್ತದೆಯೆಂಬುದನ್ನು ಮರೆಯಬಾರದು. ಅಗ್ಗದ ಹಿಂಬದಿ ಶಾಕ್ ಸೈಕಲ್ಲಿನ ತೂಕವನ್ನು ಹೆಚ್ಚಿಸುವುದಲ್ಲದೆ, ತುಳಿದ ಶಕ್ತಿಯ ಒಂದು ಪಾಲನ್ನೂ ನುಂಗುತ್ತದೆ. ಗೇರಿನ ತಂತಿ ಸಡಿಲಾದರೆ ಚೈನು ಪದೇಪದೇ ಜಾರುತ್ತದೆ. ಆದ್ದರಿಂದ ಕಡಿಮೆ ಹಣವುಳ್ಳವರು ಗೇರಿಲ್ಲದ, ಅಗಲ ಟಯರಿನ, ಗಟ್ಟಿ ಫೋರ್ಕಿನ ಸೈಕಲ್ ಆರಿಸುವುದೇ ಲೇಸೆಂಬುದು ನಮ್ಮ ಅಭಿಮತ.

ಇದು ಬಡವರ ಪಾಲಿನ ಹೊಂದಾಣಿಕೆಯೇನೂ ಅಲ್ಲ. ಬೆಟ್ಟದ ಸೈಕಲ್ ಹುಟ್ಟಿದ್ದೇ ಹೀಗೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ತರುಣರು ಅಗಲ ಟಯರಿನ, ಬಹುಪಾಲು ಗೇರಿಲ್ಲದ ಹಳೆಯ ಸೈಕಲ್‌ಗಳಲ್ಲಿ ಮರಿನ್ ಪ್ರಾಂತದ ಬೆಟ್ಟಗಳನ್ನು ಇಳಿಯುತ್ತಿದ್ದರು. ಹಿಂಬದಿಯ ಬ್ರೇಕ್ ಕಾದು ಒಳಗಿನ ಗ್ರೀಸು ಹೊಗೆಯಾಗುತ್ತಿತ್ತು. ಪ್ರತಿ ಇಳಿತದ ಬಳಿಕ ಅದನ್ನು ಮತ್ತೆ ತುಂಬಬೇಕಾಗುತ್ತಿತ್ತು. 1976ರಲ್ಲಿ ಅಲ್ಲಿ ಆರಂಭವಾದ ಸ್ಪರ್ಧೆಗೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಇದರಿಂದಲೇ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ಇಂದಿಗೂ ಹಲವರು ಚಳಿಗಾಲಕ್ಕೆಂದೇ ಗೇರಿಲ್ಲದ ಸೈಕಲ್ ಇಟ್ಟುಕೊಳ್ಳುತ್ತಾರೆ. ಉಪ್ಪಿನ ಕೆಸರಿಗೆ ಕೆಡುವ ಭಾಗಗಳು ಅದರಲ್ಲಿ ಕಡಿಮೆ. ನಮ್ಮಲ್ಲಿ ಉಪ್ಪಿಲ್ಲದಿದ್ದರೂ ಧೂಳು, ಇಬ್ಬನಿಗಳಿವೆ.

ಕೊಳ್ಳುವಾಗ ನಾಲ್ಕು ಸಂಗತಿಗಳನ್ನು ಪರೀಕ್ಷಿಸಬೇಕು. ಮೊದಲನೆಯದು ಅಳತೆ. ಸೈಕಲ್ಲಿನ ನಡುವಿನ ಅಡ್ಡಕೊಳವೆಯ ಮೇಲೆ ಎರಡೂ ಪಾದ ಊರಿ ನಿಂತಾಗ ಒಂದೆರಡು ಅಂಗುಲ ಅಂತರವಿರಬೇಕು. ಸೀಟಿನ ಮೇಲೆ ಕುಳಿತು, ಕೆಳಕ್ಕಿರುವ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ಸೀಟು ತೀರ ತಗ್ಗಿದ್ದರೆ ಮೊಣಚಿಪ್ಪಿನ ಮೇಲೆ ಒತ್ತಡ ಬಿದ್ದು ನೋವು ಬರುತ್ತದೆ. ‘ಬೆಳೆಯುವ ಹುಡುಗ, ದೊಡ್ಡದೇ ಇರಲಿ’ ಎಂದು ಮಕ್ಕಳಿಗೆ ಕಾಲೆಟುಕದ ಸೈಕಲ್ ಕೊಡಿಸುವುದು ಅಪಾಯಕಾರಿ.

ಎರಡನೆಯದು ಹಲ್ಲುಗಳ ಲೆಕ್ಕ. ಮುಂದಿನ ಚೈನ್‌ವೀಲಿನಲ್ಲಿ 44, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲುಗಳಿದ್ದರೆ, ಒಂದು ಸುತ್ತು ತುಳಿದಾಗ 26 ಅಂಗುಲದ ಗಾಲಿಯ ಸೈಕಲ್ ಸುಮಾರು ಐದು ಮೀಟರ್ ಸಾಗುತ್ತದೆ. ಬಯಲು ಸೀಮೆಗೆ ಇದು ಸರಿ. ಏರುದಾರಿಯ ಊರುಗಳವರು ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಅದು ನಾಲ್ಕು ಮೀಟರಿನಷ್ಟಕ್ಕೆ ಇಳಿದು ತುಳಿತ ಹಗುರವಾಗುತ್ತದೆ.

ಮೂರನೆಯದು ಬ್ರೇಕ್. ಎರಡೂ ಗಾಲಿಗಳದ್ದನ್ನೂ ಪ್ರತ್ಯೇಕವಾಗಿ ಹಿಡಿದು ನೋಡಬೇಕು. ಇಬ್ಬನಿಯಿಂದ ರಿಮ್ ಒದ್ದೆಯಾದರೆ ಬ್ರೇಕಿನ ಹಿಡಿತ ತಗ್ಗುತ್ತದೆ. ಹೊರಟೊಡನೆ ಎರಡು ಮೂರು ಸಲ ಮೆಲ್ಲಗೆ ಒತ್ತಿ ರಿಮ್ ಒಣಗಿಸಿಕೊಳ್ಳಬೇಕು. ನಾಲ್ಕನೆಯದು ಚೈನ್ ಕವರ್. ಪಂಚೆ, ಸೀರೆ, ಶಾಲಿನ ಅಂಚು ಚೈನಿಗೆ ಸಿಲುಕದಂತೆ ಇದು ಕಾಯುತ್ತದೆ.

ಚಳಿಗಾಲದ ಆರೋಗ್ಯದ ಎಚ್ಚರವೂ ಅಗತ್ಯ. ಚಳಿಗೆ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ. ಹೃದ್ರೋಗ, ರಕ್ತದೊತ್ತಡ ಇರುವವರು ವೈದ್ಯರ ಸಲಹೆ ಪಡೆದು, ಬಿಸಿಲು ಮೂಡಿದ ಮೇಲೆಯೇ ಹೊರಡಬೇಕು. ಮೊದಲ ಹತ್ತು ನಿಮಿಷ ನಿಧಾನವಾಗಿ ತುಳಿಯಬೇಕು. ಎದೆ ಬಿಗಿದರೆ, ಎಡಗೈ ಅಥವಾ ದವಡೆ ನೋವಾದರೆ ಕೂಡಲೇ ಇಳಿದು ನೆರವು ಕೋರಬೇಕು. ಉಬ್ಬಸವಿರುವವರು ಮೂಗು, ಬಾಯಿಗಳಿಗೆ ತೆಳುಬಟ್ಟೆ ಸುತ್ತಿಕೊಂಡು ಮೂಗಿನಿಂದಲೇ ಉಸಿರಾಡುವುದು ಒಳಿತು.

ಎಲ್ಲಕ್ಕಿಂತ ಮಿಗಿಲಾದ ಅಪಾಯ ರಸ್ತೆಯದು. ಇದು ಕಬ್ಬು ನುರಿಸುವ ಕಾಲ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ನಸುಕಿನಲ್ಲೇ ಓಡಾಡುತ್ತವೆ. ಮಂಜಿನಲ್ಲಿ ಅವು ನಮಗೆ ಕಾಣವು, ನಾವು ಅವಕ್ಕೆ ಕಾಣೆವು. ಆದ್ದರಿಂದ ಗೇರಿನಲ್ಲಿ ಉಳಿಸಿದ ಹಣದಲ್ಲಿ ಮುಂದೊಂದು ಬಿಳಿ ದೀಪ, ಹಿಂದೊಂದು ಕೆಂಪು ದೀಪ, ತಲೆಗೊಂದು ಹೆಲ್ಮೆಟ್ ಕೊಳ್ಳಬೇಕು. ಮಂಜು ದಟ್ಟವಾಗಿದ್ದ ದಿನ ಮನೆಯಂಗಳದಲ್ಲೇ ವ್ಯಾಯಾಮ ಸಾಕು.

ಹಿತ್ತಲಿನಲ್ಲಿ ಹಳೆಯ ಸೈಕಲ್ ಒರಗಿದ್ದರೆ ಹೊಸದರ ಅಗತ್ಯವೇ ಇರದು. ಟಯರು, ಬ್ರೇಕಿನ ರಬ್ಬರು, ಚೈನು ಹೊಸದಾಗಿ ಹಾಕಿಸಿ, ಬೇರಿಂಗುಗಳಿಗೆ ಗ್ರೀಸು ತುಂಬಿಸಿದರೆ ಅದು ಮತ್ತೆ ಅನೇಕ ಚಳಿಗಾಲಗಳಿಗೆ ಒದಗೀತು.