ತುರ್ತು ವೈದ್ಯನೂ ವಿಮೆಯ ಚೀಟಿಯೂ

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ, ಭದ್ರಾ ನಾಲೆಯ ನೀರಿನಿಂದ ಬತ್ತ ಬೆಳೆಯುವ ಸೀಮೆಯ ಊರು. ಅಲ್ಲಿನ ಗದ್ದೆಯೊಂದರಲ್ಲಿ ಐವತ್ತು ವಯಸ್ಸಿನ ರೈತನೊಬ್ಬನಿಗೆ ಎದೆಯನ್ನು ಅಮುಕಿದಂತಹ ನೋವು ಕಾಣಿಸಿಕೊಂಡಿತೆಂದು ಊಹಿಸಿಕೊಳ್ಳೋಣ. ಅದು ಹೃದಯಾಘಾತವಿರಬಹುದು, ಬರಿಯ ಅಜೀರ್ಣವೂ ಇರಬಹುದು. ಮನೆಯವರಿಗೆ ಎರಡು ಚಿಂತೆಗಳು ಒಟ್ಟಿಗೆ ಹುಟ್ಟುತ್ತವೆ. ಇವನನ್ನು ಯಾವ ವೈದ್ಯನ ಬಳಿಗೆ ಒಯ್ಯಬೇಕು? ಹಣವನ್ನು ಯಾರು ಕೊಡಬೇಕು? ಮೊದಲನೆಯದು ವೈದ್ಯನ ವಿದ್ಯೆಗೆ ಸೇರಿದ ಪ್ರಶ್ನೆ. ಎರಡನೆಯದು ವಿಮೆಗೆ ಸೇರಿದುದು. ಇವು ಬೇರೆ ಬೇರೆಯೆಂದು ತೋರಿದರೂ ಎರಡನ್ನೂ ಗಡಿಯಾರದಿಂದಲೇ ಅಳೆಯಬೇಕಾಗುತ್ತದೆ.

ಹೃದಯದ ಮಾಂಸಖಂಡಕ್ಕೆ ರಕ್ತವನ್ನೊದಗಿಸುವ ಕಿರೀಟ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ, ಆಮ್ಲಜನಕವಿಲ್ಲದೆ ಆ ಭಾಗದ ಜೀವಕೋಶಗಳು ಸಾಯತೊಡಗುತ್ತವೆ. ಹೆಪ್ಪನ್ನು ಕರಗಿಸುವ ಮದ್ದನ್ನು ಮೊದಲ ಎರಡು ಮೂರು ಗಂಟೆಗಳೊಳಗೆ ಕೊಟ್ಟರೆ ಬಹಳ ಪ್ರಯೋಜನ. ಹನ್ನೆರಡು ಗಂಟೆಗಳು ಕಳೆದ ಮೇಲೆ ಅದು ಬಹುಮಟ್ಟಿಗೆ ವ್ಯರ್ಥ. ಮಿದುಳಂತೂ ಆಮ್ಲಜನಕವಿಲ್ಲದೆ ಕೆಲವೇ ನಿಮಿಷಗಳನ್ನು ತಾಳಬಲ್ಲದು. ಇನ್ನು ದಾರಿಯ ಲೆಕ್ಕವನ್ನು ನೋಡಿ. ಆಂಬುಲೆನ್ಸು ಹತ್ತು ಕಿಲೋಮೀಟರು ಬಂದು, ರೋಗಿಯನ್ನು ಮೂವತ್ತು ಕಿಲೋಮೀಟರು ಒಯ್ಯಬೇಕಾಗಿದೆಯೆನ್ನೋಣ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಇಷ್ಟಕ್ಕೇ ಒಂದು ಗಂಟೆ ತೀರಿತು. ಆಸ್ಪತ್ರೆಯ ಬಾಗಿಲಲ್ಲಿ ಮತ್ತೆ ಅರ್ಧ ಗಂಟೆ ಕಾಗದಪತ್ರಗಳಿಗಾಗಿ ಕಳೆದರೆ, ಅದೂ ಹೃದಯದ ಲೆಕ್ಕದಿಂದಲೇ ಕಳೆಯಬೇಕಾದ ಅರ್ಧ ಗಂಟೆ.

ಈ ಗಡಿಯಾರದೊಡನೆ ಸೆಣಸಲೆಂದೇ ತರಬೇತಾದ ವೈದ್ಯನು ವೈದ್ಯಶಾಸ್ತ್ರಕ್ಕೆ ಹೊಸಬ. ಹಿಂದೆ ಆಸ್ಪತ್ರೆಗಳ ಅಪಘಾತ ಕೋಣೆಯಲ್ಲಿ ಸರದಿಯ ಮೇಲೆ ಯಾರಾದರೊಬ್ಬರು, ಸಾಮಾನ್ಯವಾಗಿ ಕಿರಿಯರು, ಕುಳಿತಿರುತ್ತಿದ್ದರು. 1961ರಲ್ಲಿ ಅಮೆರಿಕದ ವರ್ಜೀನಿಯ ಸಂಸ್ಥಾನದ ಅಲೆಕ್ಸಾಂಡ್ರಿಯ ನಗರದಲ್ಲಿ ಜೇಮ್ಸ್ ಮಿಲ್ಸ್ ಎಂಬ ವೈದ್ಯರು, ಮೂವರು ಸಂಗಡಿಗರೊಡನೆ ಸ್ವಂತ ಚಿಕಿತ್ಸಾಲಯವನ್ನು ತೊರೆದು, ಹಗಲಿರುಳೂ ಈ ಕೋಣೆಯ ಕೆಲಸಕ್ಕೇ ನಿಂತರು. ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ 1970ರಲ್ಲಿ ಇದಕ್ಕೆಂದೇ ಶಿಕ್ಷಣ ಆರಂಭವಾಯಿತು. ಭಾರತದ ವೈದ್ಯಕೀಯ ಪರಿಷತ್ತು ತುರ್ತು ವೈದ್ಯಶಾಸ್ತ್ರವನ್ನು ಪ್ರತ್ಯೇಕ ಶಾಖೆಯೆಂದು ಅಂಗೀಕರಿಸಿದುದು 2009ರಲ್ಲಿ. ನಾಲ್ಕೂವರೆ ವರ್ಷಗಳ ಎಂ.ಬಿ.ಬಿ.ಎಸ್. ಓದು, ಒಂದು ವರ್ಷದ ಕಡ್ಡಾಯ ಸೇವೆ, ಆಮೇಲೆ ಮೂರು ವರ್ಷಗಳ ಎಂ.ಡಿ. — ಒಟ್ಟಿನಲ್ಲಿ ಎಂಟೂವರೆ ವರ್ಷಗಳ ಸಾಧನೆ.

ಉಳಿದ ವೈದ್ಯರು ‘ಇದು ಯಾವ ರೋಗ?’ ಎಂದು ಕೇಳಿದರೆ, ಇವನು ‘ಈ ಗಳಿಗೆಯಲ್ಲಿ ಪ್ರಾಣಕ್ಕೆ ಎರವಾಗುವುದು ಯಾವುದು?’ ಎಂದು ಕೇಳುತ್ತಾನೆ. ಮೊದಲು ಶ್ವಾಸಮಾರ್ಗ, ಆಮೇಲೆ ಉಸಿರಾಟ, ಅನಂತರ ರಕ್ತಪರಿಚಲನೆ. ರೋಗದ ಹೆಸರು ಇವುಗಳ ಬೆನ್ನಿಗೆ. ಅವನ ಕೈಚಳಕದ ಹಿಂದೆ ಎಷ್ಟು ಭೌತಶಾಸ್ತ್ರ ಅಡಗಿದೆಯೆಂಬುದಕ್ಕೆ ಒಂದು ನಿದರ್ಶನ ಕೊಡದೆ ಮುಂದುವರಿಯಲು ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಮನಸ್ಸಿಲ್ಲ. ವಯಸ್ಕನ ಮೈಯಲ್ಲಿ ಸುಮಾರು ಐದು ಲೀಟರು ರಕ್ತವಿರುತ್ತದೆ. ಎರಡು ಲೀಟರು ಹರಿದುಹೋದರೆ ಪ್ರಾಣಾಪಾಯ. ಆಗ ರಕ್ತವನ್ನು ವೇಗವಾಗಿ ತುಂಬಬೇಕು. ನಳಿಕೆಯೊಳಗೆ ದ್ರವ ನೀಳವಾಗಿ ಹರಿಯುವಾಗ, ಹರಿವಿನ ಪ್ರಮಾಣ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಲೋಮವಾಗಿಯೂ ನಳಿಕೆಯ ಉದ್ದಕ್ಕೆ ವಿಲೋಮವಾಗಿಯೂ ಇರುತ್ತದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ವಾಸೇಯ್ ಎಂಬ ಫ್ರೆಂಚ್ ವೈದ್ಯ ಕಂಡುಕೊಂಡ. ತ್ರಿಜ್ಯವನ್ನು ಎರಡರಷ್ಟು ಮಾಡಿದರೆ ಹರಿವು ಹದಿನಾರರಷ್ಟಾಗುತ್ತದೆ! ಆದುದರಿಂದಲೇ ತುರ್ತು ವೈದ್ಯನು ಕತ್ತಿನ ದೊಡ್ಡ ಸಿರೆಗೆ ಉದ್ದನೆಯ ಸಣ್ಣ ನಳಿಕೆಯನ್ನು ಹಾಕುವ ಬದಲು, ತೋಳಿನ ಸಿರೆಗೆ ಗಿಡ್ಡನೆಯ ದಪ್ಪ ನಳಿಕೆಯನ್ನು ಚುಚ್ಚುತ್ತಾನೆ. ಪ್ರಯೋಗಶಾಲೆಯಲ್ಲಿ ಲೋಮನಾಳದ ಪ್ರಯೋಗವನ್ನು ಬೇಸರದಿಂದ ಮಾಡುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬಹುದು.

ಇನ್ನು ಹಣದ ಮಾತು. ವಿಮೆಯೆಂಬುದು ಮೂಲತಃ ಸಂಭವನೀಯತೆಯ ಗಣಿತ. ಯಾರಿಗೆ ಕಷ್ಟ ಬಂದೀತೆಂದು ತಿಳಿಯದಿದ್ದರೂ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಬಂದೀತೆಂದು ಅಂದಾಜು ಮಾಡಬಹುದು. ಕರ್ನಾಟಕದ ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ವರ್ಷಕ್ಕೆ 60 ರೂಪಾಯಿಗಳ ವಂತಿಗೆಯಿಂದ ಆರಂಭವಾದುದು ಈ ಗಣಿತದ ಬಲದಿಂದಲೇ. ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಿಗೆ ಮೀಸಲು. ಆಸ್ಪತ್ರೆ ಮೊದಲು ಅನುಮತಿ ಪಡೆಯಬೇಕು. ಮುಂಚೆಯೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೆ ಇದು ಸರಿಯೇ. ಆದರೆ ಎದೆ ಹಿಡಿದುಕೊಂಡು ಬಂದವನು ಯಾವ ಅನುಮತಿಗಾಗಿ ಕಾಯಬೇಕು?

ಕಾಯಿಸಿದರೆ ಏನಾಗುವುದೆಂದು ದೇಶಕ್ಕೆ ತಿಳಿಸಿದುದು ಪರಮಾನಂದ ಕಟಾರಾ ಅವರ ಮೊಕದ್ದಮೆ. ಕಾರು ಬಡಿದು ಗಾಯಗೊಂಡ ಸ್ಕೂಟರ್ ಸವಾರನನ್ನು ಹತ್ತಿರದ ಆಸ್ಪತ್ರೆ ಸೇರಿಸಿಕೊಳ್ಳದೆ, ಪೊಲೀಸು ಪ್ರಕರಣಗಳನ್ನು ನೋಡುವ, 20 ಕಿಲೋಮೀಟರು ಆಚೆಗಿನ ಆಸ್ಪತ್ರೆಗೆ ಕಳುಹಿಸಿತು. ಆತ ದಾರಿಯಲ್ಲಿಯೇ ತೀರಿಕೊಂಡ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ವೈದ್ಯನೂ ಮೊದಲು ಪ್ರಾಣವನ್ನು ಕಾಯಬೇಕೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ತೀರ್ಪಿತ್ತಿತು. ವೈದ್ಯನ ಕರ್ತವ್ಯವೇನೋ ಗೊತ್ತಾಯಿತು. ವೆಚ್ಚವನ್ನು ಭರಿಸುವವರಾರೆಂಬ ಪ್ರಶ್ನೆ ಉಳಿಯಿತು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಪಟ್ಟುಹಿಡಿಯಕೂಡದೆಂಬ ವಿಧಿಯನ್ನು ಕರ್ನಾಟಕವು ಖಾಸಗಿ ಆಸ್ಪತ್ರೆಗಳ ಕಾಯಿದೆಗೆ 2017ರಲ್ಲಿ ಸೇರಿಸಿತು.

ಅಮೆರಿಕದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಆಸ್ಪತ್ರೆ ಒಂದು ವಿಮಾಸಂಸ್ಥೆಯೊಡನೆ ಕರಾರು ಮಾಡಿಕೊಂಡಿದ್ದರೂ, ಒಳಗಿನ ತುರ್ತು ವೈದ್ಯನು ಮಾಡಿಕೊಂಡಿರದೆ ಇರಬಹುದು. ಪ್ರಜ್ಞೆ ತಪ್ಪಿದವನು ವೈದ್ಯನ ಕರಾರುಪಟ್ಟಿಯನ್ನು ಓದಬಲ್ಲನೆ? ತಿಂಗಳ ಮೇಲೆ ಮನೆಗೆ ಪ್ರತ್ಯೇಕ ಬಿಲ್ಲು ಬರುತ್ತಿತ್ತು. 2022ರ ಜನವರಿಯಿಂದ ಜಾರಿಗೆ ಬಂದ ಕಾನೂನು ತುರ್ತು ಚಿಕಿತ್ಸೆಯ ಮಟ್ಟಿಗೆ ಇದನ್ನು ಬಹುಪಾಲು ತಡೆಯಿತು. ಅಲ್ಲಿಯ ಇನ್ನೊಂದು ನಿಯಮ ಅನುಕರಣೀಯವೆಂದು ನನ್ನ ಅಭಿಪ್ರಾಯ: ಬಂದದ್ದು ತುರ್ತೇ ಅಲ್ಲವೇ ಎಂಬುದನ್ನು ಕೊನೆಗೆ ಗೊತ್ತಾದ ರೋಗದಿಂದಲ್ಲ, ರೋಗಿಗೆ ಆಗ ಕಂಡ ಲಕ್ಷಣಗಳಿಂದ ನಿರ್ಣಯಿಸಬೇಕು. ಇಲ್ಲವಾದರೆ, ಅಜೀರ್ಣವೆಂದು ತೀರ್ಮಾನವಾದರೆ ದುಡ್ಡು ಹೋದೀತೆಂಬ ಭಯದಿಂದ ಹೃದಯಾಘಾತವಾದವನೂ ಮನೆಯಲ್ಲೇ ಮಲಗಿಯಾನು.

ನಮ್ಮ ರಾಜ್ಯದಲ್ಲಿ ಯೋಜನೆಗೆ ನೋಂದಾಯಿತವಾಗುವುದು ಆಸ್ಪತ್ರೆಯೇ ಹೊರತು ವೈದ್ಯನಲ್ಲ. 2018ರಿಂದ ನಡೆದಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಇತರರಿಗೆ ನಿಗದಿಯಾದ ದರದ ಶೇಕಡ 30ರಷ್ಟು. ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಬೇಕಿಲ್ಲ. ಇದಕ್ಕಿಂತಲೂ ಸರಳವಾದುದು, ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಘೋಷಿತವಾದ ಹೃದಯ ಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದಯತಜ್ಞರು ಪರೀಕ್ಷಿಸುತ್ತಾರೆ. ಹೃದಯಾಘಾತವೆಂದು ಗೊತ್ತಾದೊಡನೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಇಲ್ಲಿ ರೋಗಿಯು ಮದ್ದನ್ನು ಅರಸಿ ಹೋಗುವುದಿಲ್ಲ. ಮದ್ದೇ ರೋಗಿಯ ಸಮೀಪಕ್ಕೆ ಬಂದಿರುತ್ತದೆ.

ರಸ್ತೆ ಅಪಘಾತಗಳಿಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಬೇರೊಂದು ಯೋಜನೆಯನ್ನು ಪ್ರಕಟಿಸಿತು: ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ, ನಗದಿಲ್ಲದ ಚಿಕಿತ್ಸೆ. ಗಾಯಗೊಂಡವನು ಬಡವನೇ ಧನಿಕನೇ ಎಂದು ಅದು ಕೇಳುವುದಿಲ್ಲ. ಆದರೆ ಮೋಟಾರು ವಾಹನದಿಂದ, ರಸ್ತೆಯ ಮೇಲೆ ಗಾಯವಾಯಿತೇ ಎಂದು ಕೇಳುತ್ತದೆ. ಚನ್ನಗಿರಿಯ ಸೀಮೆಯಲ್ಲಿ ಅಡಕೆ ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡವನಿಗೂ ಬೈಕಿನಿಂದ ಬಿದ್ದವನಿಗೂ ತುರ್ತು ವೈದ್ಯನು ಚುಚ್ಚುವ ನಳಿಕೆ ಒಂದೇ, ಏರಿಸುವ ರಕ್ತವೂ ಒಂದೇ. ಮರದಿಂದ ಬಿದ್ದವನಿಗೆ ಮಾತ್ರ ಈ ಯೋಜನೆ ಅನ್ವಯಿಸುವುದಿಲ್ಲ; ಅವನ ಮನೆಯವರು ಪಡಿತರ ಚೀಟಿಯನ್ನು ಹುಡುಕಬೇಕು.